ಸ್ಟಾಪ್ ಬಂದರೂ ಇಳಿಯದ ಗಣಿತದ ಟೀಚರ್

ಇದನ್ನು ಎಲ್ಲಿಂದ ಶುರುಮಾಡಲಿ ಹೇಳಿ? "ಎಳೆಬಿಸಿಲು ಶಾಲೆಯ ಗೇಟಿನ ಮೇಲೆ ಬಿದ್ದಿತ್ತು" ಅಂತ ಬರೆದೆ, ಹೊಡೆದುಹಾಕಿದೆ. ಬಿಸಿಲು ನೋಡೋ ಪುರುಸೊತ್ತು ಗಣಿತದ ಟೀಚರಿಗೆ ಎಲ್ಲಿತ್ತು? ಬಸ್ಸಿನಲ್ಲೂ ತೊಡೆಯ ಮೇಲೆ ಉತ್ತರಪತ್ರಿಕೆಯ ಕಟ್ಟು, ಒಂದು ಕೈಯಲ್ಲಿ ಕೆಂಪು ಪೆನ್ನು, ಇನ್ನೊಂದರಲ್ಲಿ ಪೋಷಕರ ವಾಟ್ಸಾಪ್.

೧

ಆ ದಿನ ಶಾಲೆಯ ಸ್ಟಾಪ್ ಬಂತು. ಮಕ್ಕಳು ದಬದಬ ಇಳಿದರು. ಟೀಚರ್ ಏಳಲಿಲ್ಲ. ಏಳು ಅಂತ ಮನಸ್ಸು ಹೇಳಿತು, ಕಾಲು ಕೇಳಲಿಲ್ಲ. ಶಾಲೆ ಹಿಂದೆ ಸರಿಯಿತು. ಒಳಗೆಲ್ಲೋ ಹಾಯೆನಿಸಿತು. ಅವರು ಹೆದರಿದ್ದು ಆ ನೆಮ್ಮದಿಗೇ.

(ಇಲ್ಲೊಂದು ಬಾಲ್ಯದ ಫ್ಲ್ಯಾಶ್‌ಬ್ಯಾಕ್, ಬೈಯುವ ಅಪ್ಪನ ಸಮೇತ, ತುರುಕಲು ನೋಡಿದೆ. "ಪಾಪ ನಮ್ಮಪ್ಪನನ್ನ ಯಾಕ್ರೀ ಎಳೀತೀರಿ? ಕೆಲಸ ಮೈಮೇಲೆ ಬಿದ್ದಿತ್ತು ಅಂತ ಬರೀರಿ ಸಾಕು" ಅಂದರು ಟೀಚರ್.)

ಬರೆದೆ. ತಿಂಗಳುಗಟ್ಟಲೆ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಬೋರ್ಡಿನ ಮೇಲೆ ಅರ್ಧ ಲೆಕ್ಕ ಬಿಡಿಸಿ, ಮುಂದೇನೆಂದು ತೋಚದೆ ನಿಂತುಬಿಡುತ್ತಿದ್ದರು. ಮನೆಯಲ್ಲಿ ಗಂಡ "ಏನಾಯ್ತೇ?" ಅಂದರೆ, "ಏನಿಲ್ಲ, ಸುಸ್ತು."

೨

ಕೊನೆಯ ಸ್ಟಾಪಿನ ಬೆಂಚಿನಲ್ಲಿ ಕೂತಾಗ ಫೋನ್ ಬಂತು. ಪಿಟಿ ಮೇಷ್ಟ್ರು. ಮೈದಾನದ ಆಚೆ ತುದಿಗೂ ಕೇಳುವ ಗಂಟಲು.

"ಮೇಡಂ, ಎಲ್ಲಿದ್ದೀರಿ?"

"ಕೊನೇ ಸ್ಟಾಪಲ್ಲಿ. ಶಾಲೆ ಹತ್ರ ಇಳಿಯೋಕಾಗ್ಲಿಲ್ಲ ಸರ್."

ಆ ಗಂಟಲು ತಗ್ಗಿತು. "ಅಲ್ಲೇ ಕೂತಿರಿ. ಬಂದೆ."

ಸ್ಕೂಟರಿನಲ್ಲಿ ಬಂದರು, ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು. ಅವರ ಬಾಯಲ್ಲಿ ಆಡಿಸೋಣವೆಂದು ಒಂದು ಪುಟ ಹಿತವಚನ ಬರೆದಿಟ್ಟಿದ್ದೆ. ಮೇಷ್ಟ್ರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಟೀಚರ ಪಕ್ಕ ಕೂತು, "ಹೋದ್ವರ್ಷ ಬೆನ್ನುನೋವು ಅಂತ ರಜ ಹಾಕಿದ್ನಲ್ಲ ಮೇಡಂ, ಅದು ಬೆನ್ನಲ್ಲ" ಅಂದರು.

"ಮತ್ತೆ?"

"ಬೆಳಗಾದ್ರೆ ಅಳು ಬರ್ತಿತ್ತು. ಮನೋವೈದ್ಯರ ಹತ್ರ ಹೋದೆ. ಈಗ್ಲೂ ಹೋಗ್ತೀನಿ. ನಿಮ್ಮನ್ನೂ ಕರ್ಕೊಂಡು ಹೋಗ್ಲಾ?"

ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಹೂಂ ಎಂದು ತಲೆಯಾಡಿಸಿದರು.

೩

ಡಾಕ್ಟರು ಅವಸರ ಮಾಡದೆ ಕೇಳಿಸಿಕೊಂಡರು, ಮಾತ್ರೆ ಕೊಟ್ಟರು, ರಜ ಹಾಕಿಸಿದರು. ಗಂಡ ಪೋಷಕರ ಗುಂಪನ್ನು ಮ್ಯೂಟ್ ಮಾಡಿ, "ನೀನು ಸುಸ್ತು ಅಂದ್ರೆ ನಾನೂ ಬರೀ ಸುಸ್ತು ಅಂದ್ಕೊಂಡ್ನಲ್ಲೇ" ಅಂದ. ಅವತ್ತಿಂದ ಬೆಳಗಿನ ಅಡುಗೆಮನೆ ಅವನ ಪಾಲಿಗೆ ಬಂತು. (ಉಪ್ಪಿನ ವಿಷಯ ಬೇಡ.)

ಅಂತ್ಯ ಅ: ಟೀಚರ್ ರಾಜೀನಾಮೆ ಕೊಟ್ಟು ಹೂದೋಟ ಮಾಡಿದರು.

"ನೀರು ಯಾರು ಹಾಕೋರು, ನೀವಾ?" ಅಂದರು.

ಅಂತ್ಯ ಆ: ಮರಳಿ ಬಂದು ಉತ್ತಮ ಶಿಕ್ಷಕಿ ಪ್ರಶಸ್ತಿ ಗೆದ್ದರು.

"ದಮ್ಮಯ್ಯ, ಬೇಡ. ಎಲ್ಲದರಲ್ಲೂ ಉತ್ತಮ ಆಗೋಕೆ ಹೋಗಿಯೇ ಹಿಂಗಾಗಿದ್ದು. ಬರೆಯೋದಾದ್ರೆ ನನ್ನ ಪೀರಿಯಡ್ ಹಂಚ್ಕೊಂಡೋರನ್ನ ಬರೀರಿ. ಅವರೇನು ಆರಾಮಾಗಿದ್ರಾ? ಅವರಿಗೂ ಸಾಕುಸಾಕಾಗಿತ್ತು. ಇತಿಹಾಸದ ಟೀಚರ್ ಮನೇಲಿ ಮಗಳ ಹತ್ರ ಬೀಜಗಣಿತ ಹೇಳಿಸ್ಕೊಂಡು ಬಂದು ಪಾಠ ಮಾಡಿದ್ರು. ಯಾವಾಗ ಬರ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಆ ಋಣ ಎಲ್ಲಿ ತೀರಿಸ್ಲಿ?"

ಹಾಗಾಗಿ ಅವರನ್ನೂ ಬರೆದಿದ್ದೇನೆ.

ಟೀಚರ್ ಮರಳಿ ಬಂದಿದ್ದಾರೆ. ಹೆಡ್ ಮೇಡಂ ಗೊಣಗುತ್ತಲೇ ಒಂದು ತರಗತಿ ಕಡಿಮೆ ಮಾಡಿದ್ದಾರೆ. ಪೂರ್ತಿ ಹುಷಾರಾದ್ರಾ ಅಂತ ನೀವು ಕೇಳುತ್ತೀರಿ, ಗೊತ್ತು. "ಇವತ್ತು ಪರವಾಗಿಲ್ಲ" ಅನ್ನುತ್ತಾರೆ, ಅಷ್ಟೇ.

ಈಗ ಅವರಿಗೆ ಬಿಡುವಿನ ಪೀರಿಯಡ್. ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತಿದ್ದಾರೆ, ಕೈಯಲ್ಲಿ ಲೋಟ ಬಿಟ್ಟರೆ ಬೇರೇನಿಲ್ಲ.

"ಕಥೆ ಮುಗೀಬೇಕಾದ್ರೆ ಏನಾದ್ರೂ ಆಗಬೇಕಲ್ಲ ಮೇಡಂ?" ಅಂದೆ.

"ಏನೂ ಆಗೋದು ಬೇಡ" ಅಂತ ಪಕ್ಕದ ಕುರ್ಚಿ ಎಳೆದರು. "ಕೂತ್ಕೊಳ್ಳಿ. ಟೀ ಕುಡೀತೀರಾ?"