ಗಾಜಿನಾಚೆಯ ನೀಲಿ

ನೀಲಿ, ಮೆಷಿನ್ನಿನ ಗಾಜಿನ ಬಾಗಿಲಲ್ಲಿ ಒಮ್ಮೆ ನೀಲಿ, ಆಮೇಲೆ ಬೆಡ್‌ಶೀಟಿನ ಬಿಳಿ, ಟವೆಲ್ಲಿನ ಹಳದಿ, ನೊರೆ, ಮತ್ತೆ ನೀಲಿ — ಅದೇ, ಅತ್ತಿಗೆಯ ಬಚ್ಚಲಿನ ಕಾಲೊರಸು, ಮೇಲೆ ಹತ್ತಿ, ಕೆಳಗೆ ರಬ್ಬರು, ಗಂಟು ಬಿಚ್ಚಿ ಅವರೇ ತುರುಕಿದರು, ನಾನು ಪಕ್ಕದಲ್ಲೇ ನಿಂತು ಸೋಪಿನ ಪುಡಿ ಅಳೆಯುತ್ತಿದ್ದೆ, ನೋಡಿದೆ, ತುಟಿ ಬಿಚ್ಚಲಿಲ್ಲ. ಹಾಲ್‌ನಲ್ಲಿ ಅವರ ನಗು, ಗಂಡನ ಅಕ್ಕ, ಬಂದರೆ ಸೋಫಾದ ನಟ್ಟನಡುವೆಯೇ ಕೂರುವವರು, ಅವರ ಮನೆಯ ಹೊಸ ಮೆಷಿನ್ನು ಕೆಟ್ಟಿದೆಯಂತೆ, ನಿಮ್ಮ ಮುದಿ ಮೆಷಿನ್ನು ಎದ್ದು ಕೂತಿದೆಯಂತಲ್ಲ, ಹಾಗಾದ್ರೆ ನನ್ನ ಬಟ್ಟೆನೂ ಒಗೀಲಿ ಅಂತ ಬಾಗಿಲಲ್ಲೇ ಹೇಳಿದರು, ಎದ್ದು ಕೂತಿದೆ, ಅದಾಗಿಯೇ ಎದ್ದಿತೇನೋ ಎಂಬಂತೆ. ಹೋದ ಸಲವೂ ಹೀಗೇ, ನಾನು ಕೆಲಸಕ್ಕೆ ಹೋದಾಗ ಇದೇ ಕಾಲೊರಸನ್ನು ಈ ಮೆಷಿನ್ನಿನಲ್ಲೇ ಒಗೆದು ಟೆರೇಸಿನಲ್ಲಿ ಒಣಹಾಕಿದ್ದರು, ಸಂಜೆ ನೋಡಿದ್ದೆ, ನೀರು ತೊಟ್ಟಿಕ್ಕುತ್ತಿತ್ತು, ಮರುದಿನ ನಾನು ಬಟ್ಟೆ ಹಾಕಿದೆ, ಡ್ರಮ್ಮು ತಿರುಗಿತು, ನೀರು ಮಾತ್ರ ಹೊರಗೆ ಹೋಗಲಿಲ್ಲ, ಪಂಪು ಗೊರಗೊರ ಅಂದು ಸುಮ್ಮನಾಯಿತು, ಎಲ್ಲರೂ ಓಡಿ ಬಂದರು, ಆಗ ಅತ್ತಿಗೆ, ಕೈ ಕಟ್ಟಿಕೊಂಡು, ಇವಳ ಕೈಗೆ ಬಂದದ್ದು ಯಾವುದೂ ಉಳಿಯಲ್ಲ ಬಿಡಿ. ಅದೇ ಮಾತು, ಅದೇ ದನಿ, ಮೊದಲ ಸಲ ಅದನ್ನು ಕೇಳಿದ್ದು ನಾನು ಆಸ್ಪತ್ರೆಯಿಂದ ಖಾಲಿ ಮಡಿಲಿನೊಂದಿಗೆ ಮರಳಿ ಈ ಗೋಡೆಗೇ ಒರಗಿ ನಿಂತಿದ್ದಾಗ, ಗಂಡ ಕಿಟಕಿಯಾಚೆ ನೋಡುತ್ತಿದ್ದ.

ನೀಲಿ. ನೊರೆ. ನೀಲಿ. ಆ ಸಲ ಕೆಟ್ಟಾಗ ಮೊದಲು ಸ್ವಿಚ್ಚು ಅಂದುಕೊಂಡೆ, ಆಮೇಲೆ ಪೈಪು, ಪೈಪು ಕಳಚಿ ಊದಿದೆ, ಬಾಯಿಗೆ ಹಳಸಲು ನೀರಿನ ರುಚಿ, ಪೈಪು ಕಟ್ಟಿರಲಿಲ್ಲ, ಕೊನೆಗೆ ಹಿಂದಿನ ತಗಡು ಬಿಚ್ಚಿ ಪಂಪಿನೊಳಗೆ ಬೆರಳು ಹಾಕಿದರೆ ನೀಲಿ ರಬ್ಬರಿನ ಚೂರುಗಳು, ಅವುಗಳ ನಡುವೆ ನೀರು ದಬ್ಬುವ ಪುಟ್ಟ ಫ್ಯಾನು, ಅದರ ಎರಡು ರೆಕ್ಕೆ ಮುರಿದಿತ್ತು. ಚೂರುಗಳನ್ನು ಅಂಗೈಯಲ್ಲಿಟ್ಟು ಗಂಡನಿಗೆ ತೋರಿಸಿದೆ, ಬಿಡು ಮಾರಾಯ್ತಿ, ಅಕ್ಕ ದೊಡ್ಡವಳು, ಹಳೇ ಮೆಷಿನ್ನಿಗೋಸ್ಕರ ರಾದ್ಧಾಂತ ಬೇಡ ಅಂದ, ಬಿಟ್ಟೆ, ಅಂದರೆ ಬಾಯಲ್ಲಿ ಬಿಟ್ಟೆ. ಆ ಕಂಪನಿಯೇ ಮುಚ್ಚಿಹೋಗಿದೆ, ರಿಪೇರಿ ಅಂಗಡಿಯವನು ಮುರಿದ ಫ್ಯಾನನ್ನು ಬೆಳಕಿಗೆ ಹಿಡಿದು, ಮೇಡಂ, ಇದು ನನಗಿಂತ ಹಿರಿಯದು, ಇದಕ್ಕೆ ನಮಸ್ಕಾರ ಮಾಡಿ ಕಳಿಸಿಬಿಡಿ ಅಂತ ನಕ್ಕ, ನಾನು ನಗಲಿಲ್ಲ, ಅಂಗಡಿಯಿಂದ ಅಂಗಡಿಗೆ ಆ ಫ್ಯಾನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಅಲೆದೆ, ಬೇರೊಂದು ನೀರಿನ ಪಂಪಿನ ಫ್ಯಾನು ತಂದು ಕೂರಿಸಿದರೆ ಅಚ್ಚು ಕೂರಲಿಲ್ಲ, ಅರದಿಂದ ಉಜ್ಜಿದೆ, ಸೀಳಿತು, ಕೊನೆಗೆ ಗುಜರಿಯವನ ತಗಡಿನ ಗುಡ್ಡೆಯಲ್ಲಿ ಇದೇ ಕಂಪನಿಯ ಇಂಥದೇ ಮೆಷಿನ್ನೊಂದು, ಬಾಗಿಲಿಲ್ಲದ್ದು, ಮಗುಚಿ ಬಿದ್ದಿತ್ತು, ಅದರ ಹೊಟ್ಟೆ ಬಗೆದು ಫ್ಯಾನು ತೆಗೆದುಕೊಟ್ಟ, ಅಕ್ಕಾ, ಜೋಪಾನ, ಇದು ಹೋದ್ರೆ ಇನ್ನೊಂದು ಸಿಗಲ್ಲ. ಕೂರಿಸಿ ನೀರು ಬಿಟ್ಟ ಬೆಳಿಗ್ಗೆ ಅತ್ತೆ ಬಂದು ಕುರ್ಚಿ ಹಾಕಿಕೊಂಡು ಇಲ್ಲೇ ಕೂತರು, ಈ ಮೆಷಿನ್ನು ಅವರು ತಮ್ಮ ಸಂಬಳದಲ್ಲಿ ಕೊಂಡ ಮೊದಲ ವಸ್ತು, ಪಂಪು ನೀರು ಎಳೆದ ಸದ್ದಿಗೆ ಮುಖ ಅರಳಿತು, ನನ್ನ ಕೈ ಹಿಡಿದರು — ಅವರ ಮುಖ ನೆನೆಯಬಾರದು, ಈಗ ಬೇಡ. ಈಗ ನಿಲ್ಲಿಸಿ ಕಾಲೊರಸನ್ನು ಹಿಂಡಿ ಹಾಲ್‌ಗೆ ಒಯ್ದು ತೋರಿಸಿದರೆ? ಅಯ್ಯೋ ಹೌದಾ, ಗೊತ್ತೇ ಆಗಲಿಲ್ಲ ನೋಡು ಅಂತ ನಕ್ಕುಬಿಡುತ್ತಾರೆ, ಗಂಡನೂ ನಗುತ್ತಾನೆ, ನಾನೂ ನಗಬೇಕಾಗುತ್ತದೆ, ನನಗೆ ಆ ನಗು ಬೇಡ, ಅವರ ಕೈಯಲ್ಲೇ ಮುರಿಯಬೇಕು, ಎಲ್ಲರ ಕಣ್ಣೆದುರು, ಪಂಪು ಗೊರಗೊರ ಅನ್ನುವಾಗ ಗುಂಡಿಯ ಮೇಲೆ ಅವರ ಬೆರಳಿರಬೇಕು. ಡ್ರಮ್ಮು ನಿಧಾನವಾಗುತ್ತಿದೆ, ನಿಂತಿತು. ಈಗಿನವುಗಳ ಹಾಗಲ್ಲ ಇದು, ತೊಳೆದು ಮುಗಿಸಿ ಕಾಯುತ್ತದೆ, ಗುಂಡಿಯನ್ನು ಕೈಯಾರೆ ಬಲಕ್ಕೆ ತಿರುಗಿಸಿದರೆ ಮಾತ್ರ ನೀರು ಹೊರಗೆ. ಅತ್ತಿಗೆ, ಸ್ವಲ್ಪ ಬನ್ನಿ, ನನ್ನ ಕೈ ಸೋಪಾಗಿದೆ, ನೀವೇ ತಿರುಗಿಸಿಬಿಡಿ — ಕರೆದೇಬಿಟ್ಟೆ, ಎಷ್ಟು ಮೆತ್ತಗಿತ್ತು ನನ್ನ ದನಿ. ಬಂದರು, ಬಂದವರ ಹಿಂದೆ ಗಂಡ, ಅವನ ತೋಳು ಹಿಡಿದು ಅತ್ತೆ, ಅತ್ತೆ ಯಾಕೆ ಬಂದರು, ಮೆಷಿನ್ನಿನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಾರೆ, ಮಗುವಿನ ನೆತ್ತಿ ಸವರುವ ಹಾಗೆ. ಯಾವ ಕಡೆಗೇ? ಬಲಕ್ಕೆ ಅತ್ತಿಗೆ. ಗುಂಡಿಯ ಮೇಲೆ ಅವರ ಬೆರಳುಗಳು, ಗಾಜಿಗೆ ಅಂಟಿ ನಿಂತ ಕಾಲೊರಸು, ಅದರ ಅಂಚಿನಿಂದ ರಬ್ಬರಿನ ಒಂದು ಚೂರು ಕಳಚಿ ಕೆಳಗಿಳಿಯುತ್ತಿದೆ, ಬೇಡ ಅನ್ನಬಹುದು, ಈಗಲೂ ಅನ್ನಬಹುದು, ಆ ಚೂರನ್ನೇ ನೋಡುತ್ತಿದ್ದೇನೆ, ನೀಲಿ, ಉಗುರಿನಷ್ಟು ನೀಲಿ