ಹನ್ನೆರಡು ಪಾಯಿಂಟ್ ಆರೈದು

ವಿಠೋಬಾ ಕಾಕಾ ತೀರಿಕೊಂಡ ಇಪ್ಪತ್ತಾರನೆಯ ದಿನ ಅವರ ಹೆಂಡತಿ ಸುಂದರಮ್ಮ ಕಾಕು ಎರಡು ಬ್ಯಾಟರಿಗಳನ್ನು ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ಜುಲೈಯಲ್ಲಿ ಅವರಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಕೋಲೂರಿ ಇಳಿದು, ತಮ್ಮ ಅಣ್ಣನ ಮಗ ಅಜಯಕುಮಾರ ಬ್ಯಾಟರಿ ಇಳಿಸುವುದನ್ನು ನೋಡುತ್ತ ನಿಂತರು.

"ಹೊಸವು ಹಾಕು ಜ್ಯೋತಿ. ಗಾಡಿ ನಮ್ಮ ಮಗಳು ಕರುಣಾ ಶಹಾಬಾದಕ್ಕ ಒಯ್ತಾಳಂತ. ಆದರ ಮೊದಲ ಇವು ಯಾಕ ಸತ್ತವು ಅದನ್ನ ಹೇಳು."

"ಅತ್ತಿ, ಬ್ಯಾಟ್ರಿ ಅಂದಮ್ಯಾಲ ಸಾಯ್ತಾವ. ಅದರಾಗ ಕೇಳೋದೇನದ?" ಎಂದ ಅಜಯಕುಮಾರ.

"ನೀ ಸುಮ್ಮ ಇರು. ಲೈಸೆನ್ಸ್ ಸಿಕ್ಕು ಆರು ತಿಂಗಳಾಗಿಲ್ಲ, ದೊಡ್ಡ ಮೇಸ್ತ್ರಿ ಆಗ್ಯಾನ."

ಸೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಅಪ್ಪನ ನಂತರ ವಾಡಿಯ ಈ ಅಂಗಡಿಯಲ್ಲಿ ಕೂತವಳು ನಾನು. ರೈಲು ಹಳಿ ದಾಟುವ ಮೆಟ್ಟಿಲು ಸೇತುವೆಯ ಬುಡದಲ್ಲೇ ಅಂಗಡಿ. ಕಾಕಾ ರೈಲ್ವೆಯಲ್ಲಿ ವ್ಯಾಗನ್ ರಿಪೇರಿ ಮಾಡಿ ನಿವೃತ್ತರಾದವರು. ಆ ವರ್ಷವೇ ಹಳೆಯ ಮಿನಿಬಸ್ಸೊಂದನ್ನು ತಂದು, ಒಳಗೆ ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ ಕೂಡಿಸಿ ಮನೆ ಮಾಡಿದ್ದರು. ಅದರಲ್ಲೇ ಗಂಡ ಹೆಂಡತಿ ಸನ್ನತಿ, ನಾಗಪುರ, ಸಾಂಚಿಯವರೆಗೆ ಹೋಗಿಬಂದಿದ್ದರು. ಮನೆಯ ಓಣಿ ಇಕ್ಕಟ್ಟು. ಹಾಗಾಗಿ ಗಾಡಿ ಹಳಿಯಾಚೆಯ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಪ್ರತಿ ಐತವಾರ ಕಾಕಾ ಸೇತುವೆ ದಾಟಿ ಹೋಗಿ, ಎರಡೂ ಬ್ಯಾಟರಿಗಳ ವೋಲ್ಟೇಜ್ ಅಳೆದು, ಅರ್ಧ ತಾಸು ಇಂಜಿನ್ ಓಡಿಸಿ ಬರುತ್ತಿದ್ದರು. ಮನೆಗೆ ಬಂದು ಆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು.

ತೀರಿಕೊಂಡ ದಿನ ಮುಂಜಾನೆ ಎದೆನೋವು ಬಂದು ಕಾಕಾಗೆ ಮಾತೇ ಹೊರಡದಿದ್ದಾಗ, ನಮ್ಮ ಗಾಡಿಯಲ್ಲಿ ಮಂಚ ಇದೆ ಎಂದು ಕಾಕುವೇ ಕೀಲಿ ಕೊಟ್ಟು ಅಜಯಕುಮಾರನನ್ನು ಶೆಡ್ಡಿಗೆ ಓಡಿಸಿದ್ದರು. ಕೀಲಿ ತಿರುಗಿಸಿದರೆ ಟಕ್ ಎಂದಿತಷ್ಟೇ. ಬೇರೆ ಗಾಡಿ ಸಿಗಲು ನಲವತ್ತು ನಿಮಿಷ ಹಿಡಿಯಿತು. ಕಲಬುರಗಿ ಮುಟ್ಟುವ ಮೊದಲೇ, ಶಹಾಬಾದ್ ದಾಟುತ್ತಿದ್ದಂತೆ, ಎಲ್ಲ ಮುಗಿದಿತ್ತು.

ಅಜಯಕುಮಾರ ಚಹಾ ತರಲು ಹೋದಾಗ ಕಾಕು ದನಿ ತಗ್ಗಿಸಿದರು.

"ನನ್ನ ಕೈಲೆ ತಪ್ಪಾಗ್ಯಾದ. ಬ್ಯಾಸಿಗ್ಯಾಗ ಅವರು ಊರಾಗ ಇರಲಿಲ್ಲ, ಬ್ಯಾಟ್ರಿ ನೀರು ನೋಡಂತ ಫೋನ್ ಮಾಡಿದ್ರು. ನೋಡಿದ್ರ ಬ್ಯಾಟ್ರಿಗಿ ಹಾಕೋ ನೀರಿನ ಡಬ್ಬಿ ಖಾಲಿ. ಕಾಯಿನ್ ಹಾಕಿ ತರ್ತೀವಲ್ಲ, ಆ ಫಿಲ್ಟರ್ ನೀರು ತಂದು ಹಾಕಿದೆ. ಕುಡಿಯೋ ನೀರಕಿಂತ ಸ್ವಚ್ಛ ಇನ್ನೇನಿರ್ತದ ಅಂದ್ಕೊಂಡೆ. ಅವರಿಗಿ ಹೇಳಿಲ್ಲ. ಆಮ್ಯಾಗ ಯಾರೋ ಅಂದ್ರು, ಆ ನೀರು ಹಾಕಿದ್ರ ಬ್ಯಾಟ್ರಿ ಹಾಳಾಗ್ತಾವಂತ." ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ಅವರು ಒಂದ್ ಐತವಾರನೂ ತಪ್ಪಿಸಿಲ್ಲ. ನೋಡು. ಹಂಗಂದ್ರ ಉಳಿದದ್ದು ನನ್ನ ನೀರೇ ಅಲ್ಲೇನು?"

ಪರೀಕ್ಷೆ ಮಾಡದೆ ಹೇಳುವುದಿಲ್ಲ, ಎರಡು ದಿನ ಬೇಕು ಎಂದೆ.

ಬ್ಯಾಟರಿಗಳನ್ನು ನಿಧಾನದ ಚಾರ್ಜಿಗೆ ಹಾಕಿದೆ. ಫಿಲ್ಟರ್ ನೀರಿನಲ್ಲಿ ಲವಣ ಉಳಿದಿರುತ್ತದೆ. ಬ್ಯಾಟರಿಗೆ ಅದು ಒಳ್ಳೆಯದಲ್ಲ. ಆದರೆ ಒಂದು ಸಲ ಹಾಕಿದರೆ ಅದರ ಆಯುಷ್ಯ ತುಸು ಕಡಿಮೆಯಾದೀತು, ನಾಲ್ಕು ತಿಂಗಳಲ್ಲಿ ಸಾಯುವುದಿಲ್ಲ. ಎರಡನೆಯ ಸಂಜೆಗೆ ಎರಡೂ ಬ್ಯಾಟರಿ ಚಾರ್ಜ್ ಹಿಡಿದವು. ಮುಂಜಾನೆ ನೋಡಿದರೂ ಇಳಿದಿರಲಿಲ್ಲ. ಹನ್ನೆರಡೂ ಕೋಣೆಗಳ ಆಮ್ಲವನ್ನು ಒಂದೊಂದಾಗಿ ಅಳೆದೆ, ಯಾವುದೂ ಕೆಟ್ಟಿರಲಿಲ್ಲ. ಅವು ಸತ್ತಿರಲಿಲ್ಲ, ಬರಿದಾಗಿದ್ದವು. ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಯಂತ್ರವೊಂದನ್ನು ಕಾಕಾ ಗಾಡಿಯಲ್ಲಿ ಕೂಡಿಸಿದ್ದರು. ಅದು ಹಗಲೂ ರಾತ್ರಿ ಇಷ್ಟಿಷ್ಟೇ ವಿದ್ಯುತ್ ಕುಡಿಯುತ್ತದೆ. ಒಂದೆರಡು ತಿಂಗಳು ಇಂಜಿನ್ ಚಾಲೂ ಮಾಡದೆ ನಿಂತ ಗಾಡಿಗೆ ಹೀಗಾಗುತ್ತದೆ.

ಆಮೇಲೆ ನೋಟ್‌ಬುಕ್ ತೆರೆದೆ. ನಾಲ್ಕು ವರ್ಷದ ಅಂಕಿಗಳು. ೧೨.೫೮, ೧೨.೭೧, ೧೨.೬೩. ಎಲ್ಲಿಯೂ ಸಾಲಾಗಿ ಎರಡು ವಾರ ಒಂದೇ ಅಂಕಿ ಬಂದಿರಲಿಲ್ಲ. ಕಾಕುವಿನ ಆಪರೇಶನ್ ಆದ ನಂತರದ ಕೊನೆಯ ಒಂಬತ್ತು ಸಾಲುಗಳಲ್ಲಿ ಮಾತ್ರ, ಅದೇ ಗುಂಡಗಿನ ಅಕ್ಷರದಲ್ಲಿ, ಎರಡೂ ಬ್ಯಾಟರಿಗೆ ೧೨.೬೫. ಒಂಬತ್ತು ಸಲ.

ಅಳತೆ ಹಾಗೆ ಬರುವುದಿಲ್ಲ. ಮಾಡದ ಪ್ರಯೋಗದ ಫಲಿತಾಂಶ ಬರೆದಾಗ ಹಾಗೆ ಬರುತ್ತದೆ. ಕಾಲೇಜಿನಲ್ಲಿ ನಾನೂ ಒಮ್ಮೆ ಬರೆದು ಸಿಕ್ಕಿಬಿದ್ದಿದ್ದೆ.

ಆ ಐತವಾರಗಳು ಆಗ ಕಣ್ಣ ಮುಂದೆ ಬಂದವು. ಒಂಬತ್ತಕ್ಕೆ ಅಂಗಡಿ ತೆರೆಯಲು ಬಂದರೆ ಕಾಕಾ ಹೊರಗಿನ ಪರಸಿ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಗಾಡಿ ನೋಡಿ ಮರಳಿದ್ದಾರೆ ಎಂದುಕೊಳ್ಳುತ್ತಿದ್ದೆ. ಮಳೆಗಾಲದ ತಂಪು ಗಾಳಿಯಲ್ಲೂ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ನೀರು ಕೊಟ್ಟಿದ್ದೆ. ಯಾಕೆ ಎಂದು ಕೇಳಿರಲಿಲ್ಲ. ಅವರು ಸೇತುವೆ ಹತ್ತಿಯೇ ಇರಲಿಲ್ಲ, ಹತ್ತಲು ಆಗುತ್ತಿರಲಿಲ್ಲ. ಉಸಿರು ಹತೋಟಿಗೆ ಬರುವವರೆಗೆ ಇಲ್ಲಿ ಕೂತು, ಮನೆಗೆ ಹೋಗಿ, ಹಾಸಿಗೆಯಲ್ಲಿದ್ದ ಹೆಂಡತಿಯ ಮುಂದೆ ನೋಟ್‌ಬುಕ್ ತೆರೆಯುತ್ತಿದ್ದರು.

ಇದನ್ನು ಹೇಳದೆ ಕಾಕುವಿನ ಎದೆಯ ಮೇಲಿನ ಭಾರ ಇಳಿಸುವ ದಾರಿಯಿರಲಿಲ್ಲ. ಹೇಳಿದರೆ ಇನ್ನೊಂದು ಭಾರ. ಬ್ಯಾಟರಿ ಹಳೆಯದಾಗಿತ್ತು ಎಂದುಬಿಡೋಣವೆಂದು ನೂರು ಸಲ ಅಂದುಕೊಂಡೆ.

ಮೂರನೆಯ ದಿನ ಕಾಕು ಒಬ್ಬರೇ ಬಂದರು.

"ನಿಮ್ಮ ನೀರಿಂದ ಆಗಿಲ್ಲ ಕಾಕು. ಗಾಡಿ ಚಾಲೂ ಮಾಡದ ನಿಂತು ಹಿಂಗಾಗ್ಯಾದ."

"ಎಲ್ಲಿ ನಿಂತಿತ್ತು? ವಾರವಾರ ಹೋಗ್ತಿದ್ರಲ್ಲ. ನನಗ ಸಮಾಧಾನ ಹೇಳಲಿಕತ್ತೀಯೇನು?"

ನೋಟ್‌ಬುಕ್ ತೆರೆದು ಒಂಬತ್ತು ಸಾಲುಗಳ ಮೇಲೆ ಬೆರಳಿಟ್ಟೆ. ಕಂಡದ್ದನ್ನೂ, ಕಂಡು ಕೇಳದೆ ಬಿಟ್ಟದ್ದನ್ನೂ ಹೇಳಿದೆ. ಕಾಕು ಒಂದೊಂದೇ ಸಾಲು ಓದಿದರು.

"ನನ್ನ ಮಗ್ಗಲದಾಗ ಕುಂತು ಬರದಾರ. ಹನ್ನೆರಡು ಪಾಯಿಂಟ್ ಆರೈದು ಅಂತ ಬಾಯಿಬಿಟ್ಟು ಹೇಳ್ಕೋತ ಬರದಾರ. ನಾ ಶಾಭಾಷ್ ಅಂತಿದ್ದೆ."

ಕಾಕು ನೋಟ್‌ಬುಕ್ ಮುಚ್ಚಿದರು.

"ನನ್ನ ನೀರೇ ಆಗಿದ್ರ ಛಲೋ ಇತ್ತು ಜ್ಯೋತಿ. ಒಬ್ಬಾಕಿ ತಪ್ಪು, ಒಬ್ಬಾಕಿ ಅತ್ತು ಮುಗಸ್ತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಇಲ್ಲಿ ಕುಂತು ಏನ್ ಮಾತಾಡ್ತಿದ್ರು?"

"ಒಂದಿನ ಅಂದ್ರು, ನನ್ನನ್ನೂ ಒಂದ್ ತಾಸು ಚಾರ್ಜಿಗಿ ಹಾಕು, ಬಿಲ್ ನಿಮ್ಮ ಕಾಕುಗೆ ಕಳಸು ಅಂತ."

ಕಾಕುವಿನ ತುಟಿ ಅಲುಗಿತು. "ಮತ್ತ?"

"ಮೊಣಕಾಲಾಗ ಹಾಕಿದ ಲೋಹಕ್ಕ ತುಕ್ಕು ಹಿಡಿತದೇನು ಅಂತ ಕೇಳಿದ್ರು. ಹಿಡಿಯಲ್ಲ ಅಂದೆ. ಖರೇನ? ಅಂತ ಎರಡ್ ಸಲ ಕೇಳಿದ್ರು. ಇನ್ನೊಂದಿನ ಗೂಡ್ಸ್ ಹೋಗಲಿಕತ್ತಿತ್ತು, ಐವತ್ತೆಂಟು ಡಬ್ಬಿ ಅಂತ ಎಣಿಸಿ ಹೇಳಿದ್ರು."

"ಮೂರ ಐತವಾರ ಆದವು. ಉಳಿದ ಆರು?"

ಅಂಗಡಿಗೆ ಬಂದ ಪ್ರತಿ ಬ್ಯಾಟರಿಯ ನಂಬರು, ತಾರೀಖು, ಆಮ್ಲದ ಅಳತೆ ನನ್ನ ಬಳಿ ಇದ್ದವು. ಆ ಆರು ಮುಂಜಾನೆಗಳಲ್ಲಿ ಅವರು ಏನೋ ಹೇಳಿದ್ದರು, ನಾನು ಹೂಂ ಎಂದಿದ್ದೆ, ಅಷ್ಟೇ.

"ನೆನಪಿಲ್ಲ ಕಾಕು."

ಕಾಕು ಸ್ಟೂಲನ್ನು ಎಳೆದುಕೊಂಡು, ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಕೂತರು. ಕೋಲನ್ನು ಗೋಡೆಗೆ ಆನಿಸಿದರು.

"ನೆನಪ್ ಮಾಡ್ಕೊ" ಎಂದರು. "ನನಗೇನೂ ಅವಸರ ಇಲ್ಲ."