ಎಣ್ಣೆ ಕುಡಿದ ಮಣ್ಣು

ಕಂಪನಿಯ ಹೂಚಕ್ರವನ್ನು ಶಾಮಲಮ್ಮನ ಎದೆಯ ಮೇಲಿಂದ ಎತ್ತಿ ಕಾಲಿನ ಕಡೆಗೆ ಸರಿಸುತ್ತಿದ್ದ ಮುರಳಿಮೋಹನನ ಮುಂಗೈಯನ್ನು ದೊಡ್ಡಗಂಗಮ್ಮ ಹಿಡಿದುಕೊಂಡಳು.

"ಯಾಕಪ್ಪಾ ತೆಗೀತೀಯ? ಸಾಹೇಬ್ರು ಅವರ ಕೈಯಾರೆ ಇಟ್ಟಿದ್ದು."

"ಭಾರ ಆಗುತ್ತಲ್ಲಕ್ಕಾ, ಅದಕ್ಕೆ."

"ಅವಳಿಗಿನ್ನೆಂಥ ಭಾರ? ಅಲ್ಲೇ ಇರ್ಲಿ. ನನ್ನ ತಂಗಿ ಎಂಥೋಳು ಅಂತ ಊರು ನೋಡ್ಲಿ."

ಅವನು ಚಕ್ರವನ್ನು ಮೊದಲಿದ್ದ ಜಾಗಕ್ಕೇ ಇಟ್ಟ. ಬಿಳಿ ಸೇವಂತಿಗೆಯ ನಡುವಿನ ರಟ್ಟಿನಲ್ಲಿ ಅವಳ ಹೆಸರಿತ್ತು. ಅದರ ಕೆಳಗೆ, 'ನಮ್ಮ ಪರಿಸರಸ್ನೇಹಿ ಕಾರ್ಯಾಗಾರದ ರೂವಾರಿ' ಎಂಬ ಸಾಲು. ಮುಳಬಾಗಿಲಿನಲ್ಲಿ ವಿದ್ಯುತ್ ಕಂಪನಿಯ ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್ಡಿನಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಮೆಕ್ಯಾನಿಕ್. ಜೊತೆಗಾರರ ಸಾವುಗಳನ್ನು ಎಷ್ಟೋ ಕಂಡಿದ್ದ. ಯಾರ ಸಾವಿಗೂ ಕೋಲಾರದಿಂದ ಸಾಹೇಬರು ದೇವರಾಯಸಮುದ್ರದಂಥ ಹಳ್ಳಿಯವರೆಗೆ ಬಂದದ್ದಿಲ್ಲ. ತಾನು ಸತ್ತರೆ ಬರುತ್ತಾರೆಯೇ? ಹೆಣದ ಮುಂದೆ ನಿಂತು ಕೇಳಿಕೊಳ್ಳುವ ಪ್ರಶ್ನೆಯಲ್ಲ ಅದು. ಆದರೂ ಎದ್ದಿತ್ತು, ಎದ್ದದ್ದು ಕೂರಲಿಲ್ಲ.

ಶೆಡ್ಡಿನಲ್ಲಿ ಕಾಯಿಲ್ ಸುತ್ತುವ ಅಬ್ದುಲ್ ಖಾದರ್ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಏನ್ಲಾ, ಹೂವು ಎಷ್ಟು ತೂಗುತ್ತೆ ಅಂತ ನೋಡಿದ್ಯಾ?"

"ಸುಮ್ನಿರೋ ಖಾದರ್."

"ನಿನಗೆ ಇಷ್ಟು ದೊಡ್ಡದು ತರಲ್ಲ ಬಿಡು. ನಾನೊಂದು ಮೊಳ ಕನಕಾಂಬರ ತರ್ತೀನಿ, ಜಡೆಗೆ ಮುಡ್ಕೊಂಡು ಹೋಗು."

ನಗು ಬರಲಿಲ್ಲ. ಖಾದರನ ಕಣ್ಣೂ ಒದ್ದೆಯಾಗಿತ್ತು.

*

ಒಂಬತ್ತು ವರ್ಷದ ಹಿಂದೆ ಶಾಮಲಮ್ಮ ಶೆಡ್ಡಿಗೆ ಬಂದಾಗ ಕೈಬಳೆಯ ಗುರುತು ಇನ್ನೂ ಮಾಸಿರಲಿಲ್ಲ. ಲೈನ್‌ಮನ್ ಆಗಿದ್ದ ಗಂಡ ಕಂಬದ ಮೇಲೇ ಹೋಗಿದ್ದ. ಅನುಕಂಪದ ಮೇಲೆ ಕೊಟ್ಟ ಸಹಾಯಕಿಯ ಕೆಲಸ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನು ಮುರಳಿಮೋಹನನೇ.

ಸುತ್ತಲ ತಾಲೂಕುಗಳಿಂದ ಸುಟ್ಟ ಟ್ರಾನ್ಸ್‌ಫಾರ್ಮರುಗಳು ಬರುತ್ತಿದ್ದವು. ಬಿಚ್ಚಿದಾಗ ಒಳಗಿನ ಹಳೆಯ ಎಣ್ಣೆ ನೆಲಕ್ಕೆ ಸುರಿದು, ಮೋರಿ ಹಿಡಿದು, ಹಿಂದಿನ ಕುಂಟೆಯ ನೀರಿಗೆ ಹೋಗುತ್ತಿತ್ತು. ಮಣ್ಣು ಕಾಡಿಗೆಯಂತೆ ಕಪ್ಪಾಗಿತ್ತು. ಬಂದ ಮೂರನೆಯ ವಾರ ಅವಳು ಕೇಳಿದಳು:

"ಮುರಳಿಯಣ್ಣ, ಈ ಕುಂಟೆಗೆ ಎಮ್ಮೆ ಯಾಕೆ ಬಾಯಿ ಹಾಕಲ್ಲ?"

"ಎಮ್ಮೇನೇ ಕೇಳಮ್ಮ. ನಿನ್ನ ಭಾಷೆ ಅದಕ್ಕೆ ಅರ್ಥ ಆದೀತು."

ಶೆಡ್ಡೆಲ್ಲ ನಕ್ಕಿತು. ಅವಳೂ ನಕ್ಕಳು. ಮಾರನೆಯ ದಿನ ಮನೆಯಿಂದ ಒಂದು ಮೂಟೆ ರಾಗಿ ಹೊಟ್ಟು ತಂದು ಎಣ್ಣೆ ಸೋರುವಲ್ಲೆಲ್ಲ ಹರಡಿದಳು. ತಗಡನ್ನು ಬಗ್ಗಿಸಿ ತಟ್ಟೆ ಮಾಡಿ ಒಂದೊಂದು ಟ್ರಾನ್ಸ್‌ಫಾರ್ಮರಿನ ಅಡಿಗೂ ಇಟ್ಟಳು. ಮಣ್ಣು ನೀರು ಕೆಡಬಾರದೆಂಬ ಸುತ್ತೋಲೆ ಕಂಪನಿಗೆ ಆಗಷ್ಟೇ ಬಂದಿತ್ತು. ಇಂಜಿನಿಯರ್ ಅವಳ ತಗಡಿನ ತಟ್ಟೆಯನ್ನು ಕಂಡವರು ಕಣ್ಣಿಗೊತ್ತಿಕೊಂಡಂತೆ ಮಾಡಿದರು. ಸಿಮೆಂಟಿನ ನೆಲ ಬಂತು, ವಾಲ್ವ್ ಇರುವ ದೊಡ್ಡ ಡ್ರಮ್ಮುಗಳು ಬಂದವು, ಹಳೆಯ ಎಣ್ಣೆ ಶುದ್ಧವಾಗಿ ಮತ್ತೆ ಬಳಕೆಗೆ ಬರತೊಡಗಿತು. ತೋರಿಸಿಕೊಡಲೆಂದು ಅವಳನ್ನು ಮಾಲೂರಿಗೂ ಶ್ರೀನಿವಾಸಪುರಕ್ಕೂ ಜೀಪಿನಲ್ಲಿ ಕರೆದೊಯ್ದರು. ಪತ್ರಿಕೆಯಲ್ಲಿ ಫೋಟೋ ಬಂತು. ಅದರ ಅಂಚಿನಲ್ಲಿ ಮುರಳಿಮೋಹನನ ಒಂದು ಹೆಗಲು ಮಾತ್ರ ಬಿದ್ದಿತ್ತು.

ಗರಿಕೆ ಹುಟ್ಟದ ಆ ಮಣ್ಣನ್ನು ಅವನೂ ಕಂಡಿದ್ದ. ಹದಿನೇಳು ವರ್ಷ ಕಂಡಿದ್ದ. ಕಂಡದ್ದು ಒಂದು ಮಾತಾಗಿ ಅವನ ಬಾಯಿಗೆ ಬಂದಿರಲಿಲ್ಲ, ಅಷ್ಟೆ. ಆ 'ಅಷ್ಟೆ' ಎಂಬುದು ಒಳಗೆ ಕುಳಿತು ಕೊರೆಯಿತು.

ಬೆಂಗಳೂರಿನಿಂದ ತಪಾಸಣೆಯ ತಂಡ ಬರುವ ದಿನ, ಎಲ್ಲರೂ ಊಟಕ್ಕೆದ್ದ ಮೇಲೆ, ಕೊನೆಗೆ ಹೊರಟವನು ಅವನು. ಬಾಗಿಲಿನ ಹತ್ತಿರದ ಡ್ರಮ್ಮಿನ ವಾಲ್ವನ್ನು ಅರ್ಧ ಸುತ್ತು ತಿರುಗಿಸಿ ಹೋದ. ಕೈಗೆ ಏನೂ ಹತ್ತಲಿಲ್ಲ. ಒರೆಸಿಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಮರಳಿದಾಗ ಎಣ್ಣೆ ಹೊಸಿಲು ದಾಟಿ ಕುಂಟೆ ಸೇರಿತ್ತು. ಶಾಮಲಮ್ಮ ಮಂಡಿಯೂರಿ ಹೊಟ್ಟು ಸುರಿಯುತ್ತ, ನೆನೆದ ಮಣ್ಣನ್ನು ಬೊಗಸೆಯಲ್ಲಿ ತುಂಬುತ್ತಿದ್ದಳು. ತಂಡದವರ ಎದುರಿನಲ್ಲೇ ಇಂಜಿನಿಯರ್ ಕೇಳಿದರು, ಯಾರ ಜವಾಬ್ದಾರಿ ಇದು?

"ನಂದೇ ಸಾರ್. ಮುಚ್ಚೋದು ಮರೆತಿರಬೇಕು."

ಅವಳಿಗೆ ಗೊತ್ತಿದೆ ಎಂದೇ ಅವನು ತಿಳಿದ. ಗೊತ್ತಿದ್ದೂ ತನ್ನನ್ನು ಕಾಪಾಡಿದಳು. ಇದರಲ್ಲೂ ಮೇಲಾಗಿ ನಿಂತಳು. ಮುಂದಿನ ಆರು ವರ್ಷ, ಅವಳ ಜಾಣತನಕ್ಕಿಂತ ಹೆಚ್ಚಾಗಿ, ಆ ಕ್ಷಮೆಯ ಮೇಲೆ ಅವನು ಹೊಟ್ಟೆ ಉರಿದುಕೊಂಡ.

*

ನೆರೆಮನೆಯಿಂದ ಬಂದ ಟೀಯನ್ನು ಶಾಮಲಮ್ಮನ ಒಬ್ಬಳೇ ಮಗಳು ಶ್ರುತಿ ಅವನ ಮುಂದೆ ಹಿಡಿದಳು. ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ. ಅತ್ತ ಮುಖದಲ್ಲೂ ಕೆಲಸದ ಒಂದು ಶಿಸ್ತು.

"ನೀವು ಮುರಳಿ ಮಾಮ ಅಲ್ವಾ? ಅಮ್ಮ ಹೇಳ್ತಾನೇ ಇರೋರು."

ಅವನು ಲೋಟ ತೆಗೆದುಕೊಂಡ. "ಏನಂತ?"

"ಕೆಲಸ ಕಲಿಸಿದೋರು ಅಂತ." ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. "ಮಾಮ, ನಿಮ್ಮನ್ನ ಒಂದು ಕೇಳ್ಬೇಕು. ಎಣ್ಣೆ ಚೆಲ್ಲಿದ್ದ ದಿನ ಶೆಡ್ಡಿಂದ ಕೊನೆಗೆ ಹೊರಟಿದ್ದು ನೀವಂತೆ. ಅಮ್ಮ ವಾಲ್ವ್ ಮುಚ್ಚದೆ ಬಿಟ್ಟು ಹೋಗಿದ್ದನ್ನ ನೀವು ನೋಡಿದ್ರಾ?"

"ಈಗ್ಯಾಕಮ್ಮ ಅದು?"

"ಅವತ್ತಿಂದ ಅಮ್ಮನಿಗೆ ಅವರ ಕೈ ಮೇಲೇ ನಂಬಿಕೆ ಇರ್ಲಿಲ್ಲ ಮಾಮ. ಗ್ಯಾಸ್ ಆರಿಸಿ ಬಸ್ ಸ್ಟ್ಯಾಂಡ್ ತನಕ ಹೋದೋರು ವಾಪಸ್ ಬರೋರು. ಬೀಗ ಹಾಕಿ ಮೂರು ಸಲ ಎಳೆಯೋರು. ನಾನೇ ಎಷ್ಟು ಸಲ ಬೈದಿದ್ದೀನಿ, ನಿನಗೇನು ಹುಚ್ಚಾ ಅಂತ. ಮೊನ್ನೆ ಎದೆ ನೋವು ಅಂತ ಮಲಗಿಸಿದ್ವಲ್ಲ, ಆಗ್ಲೂ ಅದನ್ನೇ ಕೇಳಿದ್ರು. ಮುಚ್ಚಿದ ಹಾಗೇ ನೆನಪು ಕಣೇ, ಮುರಳಿಯಣ್ಣ ನೋಡಿರ್ತಾರೆ, ಕೇಳೋಕೆ ನಾಚಿಕೆ ಆಯ್ತು, ಅಂದ್ರು."

ಅವನು ಟೀ ಕುಡಿಯಲಿಲ್ಲ. ಕ್ಷಮಿಸಿರಲಿಲ್ಲ ಶಾಮಲಮ್ಮ. ಗೊತ್ತೇ ಇರಲಿಲ್ಲ. ಆರು ವರ್ಷ ಅವನು ಅಸೂಯೆಪಟ್ಟ ಆ ಔದಾರ್ಯವನ್ನು ಅವನೇ ಹೆಣೆದು ಅವಳಿಗೆ ಹೊದಿಸಿದ್ದ. ಆ ಹೊದಿಕೆಯ ಕೆಳಗೆ ಒಂದು ಹೆಂಗಸು ತನ್ನ ಬೆರಳುಗಳನ್ನೇ ಶಂಕಿಸುತ್ತ ಬದುಕಿದ್ದಳು.

"ಹೇಳಿ ಮಾಮ. ಬಿಟ್ಟಿದ್ರೆ ಬಿಟ್ಟಿದ್ರು ಅನ್ನಿ. ಗೊತ್ತಾಗ್ಲಿ ಅಷ್ಟೆ."

ಅಷ್ಟರಲ್ಲಿ ತಮಟೆ ಎದ್ದಿತು. "ನಾ ತಲ್ಲೀ, ನಾ ಬಂಗಾರು ತಲ್ಲೀ" ಎಂದು ದೊಡ್ಡಗಂಗಮ್ಮ ಮನೆಮಾತಿನ ತೆಲುಗಿನಲ್ಲಿ ತನ್ನ ಬಂಗಾರದಂಥ ತಂಗಿಗಾಗಿ ಗೋಳಿಡುತ್ತಿದ್ದಂತೆ ಚಟ್ಟವನ್ನು ಎತ್ತಿದರು. ಶ್ರುತಿ ಎದ್ದು ಮಡಕೆ ಹಿಡಿದು ಮುಂದೆ ನಡೆದಳು. ಅವನು ಲೋಟ ಕೆಳಗಿಟ್ಟು ಹಿಂದೆ ನಡೆದ.

*

ಕೆರೆಯ ಏರಿ ಮುಗಿಯುವಲ್ಲಿ ಒಂದು ಚಪ್ಪಟೆ ಬಂಡೆ. ಸ್ಮಶಾನದ ಅರ್ಧ ದಾರಿ ಅದು. ಅಲ್ಲಿ ಚಟ್ಟ ಇಳಿಸಿ, ದಿಕ್ಕು ತಿರುಗಿಸಿ, ಸತ್ತವರ ಕಿವಿಯಲ್ಲಿ ಮೂರು ಸಲ ಕೂಗುವುದು ಪದ್ಧತಿ. ಜೀವ ಎಲ್ಲಾದರೂ ಒಳಗೆ ಅಡಗಿದ್ದರೆ ಓಗೊಡಲಿ ಎಂದು.

"ಗಂಡು ಮಕ್ಕಳು ಯಾರೂ ಇಲ್ವಾ ಕೂಗೋಕೆ?" ಎಂದಿತು ಗುಂಪಿನ ಒಂದು ದನಿ.

"ನನ್ನ ತಂಗಿ ಮಗಳಿದ್ದಾಳೆ, ಕಾಣಲ್ವಾ ನಿಂಗೆ?" ದೊಡ್ಡಗಂಗಮ್ಮ ಗದರಿದಳು.

ಶ್ರುತಿ ಬಗ್ಗಿದಳು. "ಅಮ್ಮಾ." ತಮಟೆ ನಿಂತಿತ್ತು. "ಅಮ್ಮಾ." ಕೆರೆಯ ನೀರಿನ ಮೇಲೆ ಬೆಳ್ಳಕ್ಕಿಯೊಂದು ತನ್ನ ಬಿಂಬದ ಜೊತೆ ಹಾರಿ ಹೋಯಿತು. "ಅಮ್ಮಾ."

ಹೊರುವವರು ಬಗ್ಗಿದರು. ಖಾದರನ ಕೈಯೂ ಬಿದಿರಿನ ಮೇಲಿತ್ತು.

"ಎತ್ತಬೇಡಿ," ಎಂದ ಮುರಳಿಮೋಹನ.

ಎಲ್ಲರೂ ತಿರುಗಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅಷ್ಟು ಕಣ್ಣುಗಳು ಅವನೊಬ್ಬನ ಮೇಲಿದ್ದವು. ಅವನು ಶ್ರುತಿಯ ಮುಖ ನೋಡಲಾರದೆ ಅವಳ ಪಾದ ನೋಡಿದ.

"ನಿಮ್ಮಮ್ಮ ವಾಲ್ವ್ ಮುಚ್ಚಿದ್ರು. ತೆಗೆದಿದ್ದು ನಾನು."

"ಏನಂದೆ?" ದೊಡ್ಡಗಂಗಮ್ಮನ ಕೈ ಮೇಲೇರಿತು. ಖಾದರ್ ಬಿದಿರು ಬಿಟ್ಟು ನೆಟ್ಟಗೆ ನಿಂತ.

ಶ್ರುತಿ ದೊಡ್ಡಮ್ಮನ ಕೈಯನ್ನು ಹಿಡಿದು ಇಳಿಸಿದಳು. ಆಮೇಲೆ, ವಾರ್ಡಿನಲ್ಲಿ ಮಾತನಾಡುವಷ್ಟೇ ಸಣ್ಣ ದನಿಯಲ್ಲಿ, "ನನಗ್ಯಾಕೆ ಹೇಳ್ತೀರಿ? ಕೇಳಿದ್ದು ಅಮ್ಮ," ಎಂದಳು.

ಅವಳು ಮಂಡಿಯೂರಿ, ತಾಯಿಯ ಬಲಗಿವಿಗೆ ಇಟ್ಟಿದ್ದ ಹತ್ತಿಯನ್ನು ಎರಡು ಬೆರಳಿನಿಂದ ನಾಜೂಕಾಗಿ ಎಳೆದು ತೆಗೆದಳು.

"ಹೇಳಿ."

ಮುರಳಿಮೋಹನ ಬಂಡೆಯ ಮೇಲೆ ಕೈಯೂರಿ ಬಗ್ಗಿದ. ಏನು ಹೇಳಿದನೋ ಹತ್ತಿರವಿದ್ದವರಿಗೂ ಕೇಳಲಿಲ್ಲ. ಅವನ ಉಸಿರಿಗೆ, ಅರಿಸಿನ ಮೆತ್ತಿದ ಕೆನ್ನೆಯ ಪಕ್ಕದ ನರೆಗೂದಲಿನ ಎಳೆಯೊಂದು ಅಲುಗಿತು, ನಿಂತಿತು, ಮತ್ತೆ ಅಲುಗಿತು.

ಚಟ್ಟ ಹೆಗಲೇರಿತು. ಹತ್ತಿಯ ಚೂರು ಶ್ರುತಿಯ ಬೆರಳುಗಳ ನಡುವೆಯೇ ಇತ್ತು; ಅದನ್ನು ಅವಳು ಮತ್ತೆ ತಾಯಿಯ ಕಿವಿಗೆ ಇಡಲಿಲ್ಲ.